ಕೃಷಿ ಹೊಂಡದ ಮೀನಿಗೆ ಮನೆಯಲ್ಲೇ ಮಾಡಿದ ಫೀಡರ್: ಹಳೇ ಚೀಲ, ಸೊಳ್ಳೆಪರದೆ, ಡ್ರಿಪ್ ಪೈಪು ಸಾಕು

ನಮ್ಮದು ಶಿರಾ ಕಡೆ ಒಂದು ಹಳ್ಳಿ. ನಾಲ್ಕು ಎಕರೆ ಜಮೀನು, ಒಂದು ಬೋರ್‌ವೆಲ್, 21 ಮೀಟರ್ ಉದ್ದ 21 ಮೀಟರ್ ಅಗಲದ ಒಂದು ಕೃಷಿ ಹೊಂಡ. ಹೊಂಡಕ್ಕೆ ಪ್ಲಾಸ್ಟಿಕ್ ಹೊದಿಕೆ ಹಾಕಿಸಿದ್ದೀವಿ. ನೀರು ನಿಂತಿದೆಯಲ್ಲ, ಸುಮ್ಮನೆ ಯಾಕೆ ಬಿಡಬೇಕು ಅಂತ ಮೀನು ಬಿಟ್ಟೆ. ಮೊದಲ ವರ್ಷ ಕೈ ಸುಟ್ಟುಕೊಂಡೆ. ಅದು ಆಗಿದ್ದು ಮರಿ ಸರಿಯಿಲ್ಲ ಅಂತಲ್ಲ, ನೀರು ಸಾಲದೆಯೂ ಅಲ್ಲ. ಆಹಾರ ಹಾಕೋ ರೀತಿ ಗೊತ್ತಿಲ್ಲದೆ.

ಈ ವಾರ ಅದನ್ನೇ ಬರೀತೀನಿ. ಮೀನಿಗೆ ಆಹಾರ ಕೊಡುವ ಸಾಧನವನ್ನು, ಅಂದ್ರೆ ಫೀಡರನ್ನು, ಮನೆಯಲ್ಲಿ ಬಿದ್ದಿರೋ ಸಾಮಾನಿನಲ್ಲೇ ಹೇಗೆ ಮಾಡಿಕೊಳ್ಳಬಹುದು ಅಂತ. ನಾಲ್ಕು ಬಗೆ ಹೇಳ್ತೀನಿ. ನಾಲ್ಕೂ ಬೇಕಾಗಿಲ್ಲ. ಮೊದಲನೆಯದೊಂದನ್ನು ಮಾಡಿಕೊಂಡರೂ ನಿಮ್ಮ ಹಿಂಡಿ ದುಡ್ಡು ಉಳಿಯುತ್ತೆ.

ಮೊದಲ ವರ್ಷ ಏನಾಯ್ತು

ಆಷಾಢದಲ್ಲಿ 400 ಮರಿ ಬಿಟ್ಟೆ. ಕಾಟ್ಲಾ, ರೋಹು, ಮೃಗಾಲ್, ಒಂದಿಷ್ಟು ಸಾಮಾನ್ಯ ಗೆಂಡೆ. ಚದರ ಮೀಟರಿಗೆ ಹೆಚ್ಚುಕಡಿಮೆ ಒಂದು ಮರಿ, ಅಷ್ಟು ಸರಿಯಾಗೇ ಇತ್ತು. ಕಡಲೆಕಾಯಿ ಹಿಂಡಿ, ಅಕ್ಕಿ ತೌಡು ತರಲು ಅಮ್ಮ ತಮ್ಮ ಸಂಘದಲ್ಲಿ ಸಾಲ ತೆಗೆದುಕೊಟ್ಟಿದ್ದರು. ದಿನಾ ಬೆಳಗ್ಗೆ ಒಂದು ಬಾಂಡ್ಲಿ ತುಂಬ ಹಿಂಡಿ-ತೌಡು ಕಲಸಿ ದಡದಲ್ಲಿ ನಿಂತು ಎರಚುತ್ತಿದ್ದೆ. ಮೀನು ಬಂದು ಬುಳುಬುಳು ಅನ್ನುತ್ತಿತ್ತು. ನೋಡೋಕೆ ಖುಷಿ. ಅಪ್ಪ, "ಇನ್ನೊಂದು ಹಿಡಿ ಹಾಕೋ, ಬೇಗ ದಪ್ಪ ಆಗ್ತವೆ" ಅನ್ನೋರು. ನಾನು ಎರಡು ಹಿಡಿ ಹಾಕುತ್ತಿದ್ದೆ.

ಅಕ್ಟೋಬರ್‌ನಲ್ಲಿ ನಾಲ್ಕು ದಿನ ಮೋಡ ಮುಚ್ಚಿಕೊಂಡಿತು. ಬಿಸಿಲೇ ಇಲ್ಲ, ಜಿನುಗು ಮಳೆ. ಐದನೇ ದಿನ ಬೆಳಗ್ಗೆ ಆರಕ್ಕೆ ಹೋದರೆ ಮೀನೆಲ್ಲಾ ಮೇಲೆ ಬಂದು ಬಾಯಿ ಬಿಡುತ್ತಿದ್ದವು. ಹಸಿವಾಗಿದೆ ಅಂದುಕೊಂಡು ನಾನು ಮತ್ತೆ ಬಾಂಡ್ಲಿ ತಂದು ಎರಚಿದೆ! ಎಂಟು ಗಂಟೆ ಹೊತ್ತಿಗೆ ಒಂದೊಂದೇ ಮಗುಚಿಕೊಂಡವು. ಮೊದಲು ಹೋಗಿದ್ದು ದಪ್ಪ ದಪ್ಪ ಕಾಟ್ಲಾಗಳೇ. ಸಂಜೆ ಎಣಿಸಿದಾಗ 180 ಸತ್ತಿದ್ದವು. ಗುಂಡಿ ತೋಡಿ ಮುಚ್ಚಿದ್ದು ನಾನು ಮತ್ತು ಅಮ್ಮ. ಅಮ್ಮ ಏನೂ ಅನ್ನಲಿಲ್ಲ. ಅದೇ ಜಾಸ್ತಿ ನೋವಾಯ್ತು.

ಮಾರನೇ ದಿನ ಮೀನುಗಾರಿಕೆ ಇಲಾಖೆಯ ಒಬ್ಬರು ಬಂದು ನೋಡಿದರು. ಬಕೆಟ್ಟಿಗೆ ಹಗ್ಗ ಕಟ್ಟಿ ಹೊಂಡದ ತಳ ಬಗ್ಗಡ ಎತ್ತಿಸಿದರು. ಕಪ್ಪಗೆ, ಲೋಳೆ ಲೋಳೆ, ಕೊಳೆತ ಮೊಟ್ಟೆ ವಾಸನೆ. "ಇದು ನೀನು ಹಾಕಿದ ಹಿಂಡಿನೇ ಕಣಪ್ಪ. ಮೀನಿಗೆ ಹಾಕಿದ್ಯೋ, ನೀರಿಗೆ ಹಾಕಿದ್ಯೋ?" ಅಂದರು.

ಲೆಕ್ಕ ಹಾಕಿಸಿದರು. ಆಗ ಮೀನು ಸರಾಸರಿ 200 ಗ್ರಾಂ ಇತ್ತು. 400 ಮೀನು ಅಂದ್ರೆ 80 ಕೆ.ಜಿ. ಆ ಗಾತ್ರದ ಮೀನಿಗೆ ದಿನಕ್ಕೆ ತೂಕದ ನೂರಕ್ಕೆ ಎರಡೂವರೆ ಭಾಗ ಅಂತ ಹಿಡಿದರೂ 2 ಕೆ.ಜಿ. ಸಾಕು. ನಾನು ಹಾಕುತ್ತಿದ್ದದ್ದು 4ರಿಂದ 5 ಕೆ.ಜಿ. ಮಿಕ್ಕಿದ್ದೆಲ್ಲಾ ತಳಕ್ಕೆ ಹೋಗಿ ಕೊಳೀತಾ ಇತ್ತು.

ಕೊಳೆತ ಆಹಾರ ಮೀನನ್ನು ಹೇಗೆ ಕೊಲ್ಲುತ್ತೆ

ಇದು ಅರ್ಥ ಆದರೆ ಫೀಡರ್ ಯಾಕೆ ಬೇಕು ಅನ್ನೋದು ತಾನಾಗೇ ಗೊತ್ತಾಗುತ್ತೆ. ನೀರಿನಲ್ಲಿರೋ ಹಸಿರು ಪಾಚಿ ಹಗಲು ಬಿಸಿಲಲ್ಲಿ ಆಮ್ಲಜನಕ ಬಿಡುತ್ತೆ. ರಾತ್ರಿ ಅದೂ ಉಸಿರಾಡುತ್ತೆ, ಮೀನೂ ಉಸಿರಾಡುತ್ತೆ, ತಳದಲ್ಲಿ ಕೊಳೆಯುವ ಆಹಾರವೂ ಆಮ್ಲಜನಕ ತಿನ್ನುತ್ತೆ. ಅದಕ್ಕೇ ಸೂರ್ಯ ಹುಟ್ಟೋ ಮುಂಚೆ ನೀರಿನಲ್ಲಿ ಆಮ್ಲಜನಕ ಅತಿ ಕಡಿಮೆ. ನಾಲ್ಕು ದಿನ ಮೋಡ ಇದ್ದರೆ ಹಗಲಲ್ಲೂ ಸರಿಯಾಗಿ ತುಂಬಿಕೊಳ್ಳಲ್ಲ. ಆಗ ತಳದಲ್ಲಿ ಕೊಳೆ ಜಾಸ್ತಿ ಇದ್ದರೆ ಮುಗೀತು. ಜೊತೆಗೆ ಕೊಳೆತ ಹಿಂಡಿಯಿಂದ ಅಮೋನಿಯಾ ಬೇರೆ.

ಹಾಗಾಗಿ ಬೆಳಗಿನ ಜಾವ ಮೀನು ಮೇಲೆ ಬಂದು ಬಾಯಿ ಬಿಡ್ತಿದ್ರೆ ಅದು ಹಸಿವಲ್ಲ, ಉಸಿರುಗಟ್ಟಿದ್ದು. ಆಗ ಆಹಾರ ಹಾಕಲೇಬೇಡಿ. ಪಂಪು ಹಾಕಿ ಹೊಂಡದ ಮೇಲ್ಭಾಗದ ನೀರನ್ನೇ ಎತ್ತಿ ಎತ್ತರದಿಂದ ಚದುರಿ ಬೀಳುವ ಹಾಗೆ ಬಿಡಿ. ಪೈಪಿನ ಬಾಯಿಗೆ ಸ್ಪ್ರಿಂಕ್ಲರ್ ಇದ್ದರೆ ಇನ್ನೂ ಒಳ್ಳೇದು. ಬೋರ್ ನೀರು ಬಿಡುವುದಾದರೂ ಸೀದಾ ಒಳಗೆ ಬಿಡಬೇಡಿ. ಭೂಮಿಯಿಂದ ಬಂದ ನೀರಿನಲ್ಲಿ ಆಮ್ಲಜನಕ ಕಡಿಮೆ ಇರುತ್ತೆ. ಚಿಮ್ಮಿ ಗಾಳಿ ಬೆರೆತು ಬೀಳಬೇಕು.

ಅವತ್ತಿನಿಂದ ನನಗೆ ಫೀಡರ್ ಅಂದರೆ ಆಹಾರ ಎಸೆಯೋ ಯಂತ್ರ ಅಲ್ಲ. ಮೀನು ತಿಂತೋ ಬಿಡ್ತೋ ಅಂತ ತೋರಿಸೋ ತಟ್ಟೆ. ಮಗುವಿಗೆ ಅನ್ನ ಹಾಕಿದರೆ ತಟ್ಟೆ ನೋಡ್ತೀವಲ್ಲ, ಹಾಗೆ. ಅಂಗಡಿಯಲ್ಲಿ ಸಿಗೋ ಆಟೋಮ್ಯಾಟಿಕ್ ಯಂತ್ರಕ್ಕೆ ಸಾವಿರಾರು ರೂಪಾಯಿ. 400 ಮೀನಿನ ಹೊಂಡಕ್ಕೆ ಅದು ಗಿಟ್ಟಲ್ಲ.

1. ಸೊಳ್ಳೆಪರದೆ ತಟ್ಟೆ

ಇದು ಎಲ್ಲಕ್ಕಿಂತ ಸುಲಭ, ಎಲ್ಲಕ್ಕಿಂತ ಮುಖ್ಯ.

ಬೇಕಾಗೋದು: ಹಳೇ ಡ್ರಿಪ್ ಲ್ಯಾಟರಲ್ ಪೈಪು (16 ಮಿ.ಮೀ.) ಎರಡೂವರೆ ಮೀಟರ್, ಒಂದು ಜಾಯ್ನರ್, ಹಳೇ ನೈಲಾನ್ ಸೊಳ್ಳೆಪರದೆ ಅಥವಾ ಕಿಟಕಿ ಜಾಲರಿ, ನೈಲಾನ್ ದಾರ, ಹಿಡಿಯಷ್ಟು ಮರಳು.

ಪೈಪಿನೊಳಗೆ ಮರಳು ತುಂಬಿ ಎರಡೂ ತುದಿಯನ್ನು ಜಾಯ್ನರ್‌ನಿಂದ ಕೂಡಿಸಿ. ಸುಮಾರು 80 ಸೆಂ.ಮೀ. ಅಗಲದ ಉಂಗುರ ಆಗುತ್ತೆ. ಮರಳು ಇಲ್ಲದಿದ್ದರೆ ಪೈಪು ತೇಲುತ್ತೆ, ತಟ್ಟೆ ಮುಳುಗಲ್ಲ. ಸೊಳ್ಳೆಪರದೆಯನ್ನು ಎರಡು ಪದರ ಮಾಡಿ ಉಂಗುರದ ಮೇಲೆ ಹಾಸಿ ಅಂಚು ಹೊಲಿಯಿರಿ. ಬಿಗಿಯಾಗಿ ಎಳೀಬೇಡಿ, ಮಧ್ಯ ಸ್ವಲ್ಪ ಜೋಲು ಬಿದ್ದಿರಲಿ, ಆಹಾರ ಅಲ್ಲಿ ನಿಲ್ಲುತ್ತೆ. ನಾಲ್ಕು ಕಡೆ ನಾಲ್ಕು ದಾರ ಕಟ್ಟಿ ಮೇಲೆ ಒಂದು ಗಂಟಿಗೆ ತನ್ನಿ, ತಕ್ಕಡಿ ತಟ್ಟೆ ಥರ. ಆ ಗಂಟಿಗೆ ಉದ್ದ ಹಗ್ಗ.

ಪ್ಲಾಸ್ಟಿಕ್ ಹೊದಿಕೆ ಇರೋ ಹೊಂಡಕ್ಕೆ ಒಂದು ಎಚ್ಚರಿಕೆ: ಭಾರಕ್ಕೆ ಅಂತ ಚೂಪು ಕಲ್ಲು, ಕಬ್ಬಿಣದ ತುಂಡು ಕಟ್ಟಬೇಡಿ. ಒಂದು ಸಲ ಹೊದಿಕೆ ಹರಿದರೆ ನೀರೆಲ್ಲಾ ಇಂಗಿ ಹೋಗುತ್ತೆ. ಮರಳೇ ಸರಿ.

ಹಾಕೋದು ಹೇಗೆ: ಹಿಂಡಿಯನ್ನು ಹಿಂದಿನ ರಾತ್ರಿ ನೆನೆಸಿ, ಬೆಳಗ್ಗೆ ತೌಡು ಸೇರಿಸಿ ರಾಗಿಮುದ್ದೆ ಹದಕ್ಕೆ ಕಲಸಿ ಉಂಡೆ ಕಟ್ಟಿ. ಉಂಡೆ ತಟ್ಟೆಯಲ್ಲಿಟ್ಟು ನಿಧಾನಕ್ಕೆ ಇಳಿಬಿಡಿ. ಎಸೆದರೆ ನೀರು ಮುಟ್ಟಿದ ತಕ್ಷಣ ಒಡೆದು ಹೋಗುತ್ತೆ.

ಎರಡು ಗಂಟೆ ಬಿಟ್ಟು ತಟ್ಟೆ ಮೇಲಕ್ಕೆ ಎತ್ತಿ ನೋಡಿ. ಉಳಿದಿದ್ದರೆ ನಾಳೆ ಹತ್ತರಲ್ಲಿ ಒಂದರಿಂದ ಎರಡು ಭಾಗ ಕಡಿಮೆ ಮಾಡಿ. ಅರ್ಧ ಗಂಟೆಗೇ ಖಾಲಿ ಆಗ್ತಿದ್ದರೆ ಅಷ್ಟೇ ಜಾಸ್ತಿ ಮಾಡಿ. ಉಳಿದದ್ದನ್ನು ವಾಪಸ್ ನೀರಿಗೆ ಕೊಡವಬೇಡಿ, ತಿಪ್ಪೆಗೆ ಹಾಕಿ. ತಟ್ಟೆ ತೊಳೆದು ಬಿಸಿಲಿಗೆ ಒಣಗಿಸಿ.

ನನ್ನ ಹೊಂಡದಲ್ಲಿ ಮೂರು ತಟ್ಟೆ ಇವೆ. ಒಂದೇ ಇದ್ದರೆ ದೊಡ್ಡ ಮೀನು ಸಣ್ಣದಕ್ಕೆ ಬಿಡಲ್ಲ. ಜಾಯ್ನರ್, ದಾರ ಸೇರಿ ಒಂದಕ್ಕೆ ನನಗೆ ಬಿದ್ದ ಖರ್ಚು 60 ರೂಪಾಯಿ. ಪರದೆ, ಪೈಪು ಮನೇಲೇ ಇತ್ತು.

2. ತೂತು ಚೀಲ

ಇದು ನನ್ನ ಕಲ್ಪನೆ ಅಲ್ಲ. ಆಂಧ್ರದ ಕೊಲ್ಲೇರು ಸರೋವರದ ಸುತ್ತಮುತ್ತ ಸಾವಿರಾರು ಎಕರೆ ಮೀನುಕೊಳಗಳಿವೆ. ಅಲ್ಲಿನ ರೈತರು ಹಳೇ ಗೊಬ್ಬರದ ಚೀಲದ ತಳಭಾಗಕ್ಕೆ ಸಾಲಾಗಿ ತೂತು ಮಾಡಿ, ತೌಡು-ಹಿಂಡಿ ತುಂಬಿ, ನೀರಿನಲ್ಲಿ ಬಿದಿರು ಗಳಕ್ಕೆ ಕಟ್ಟುತ್ತಾರೆ. ಮೀನು ಬಂದು ತೂತಿನಿಂದ ಚೀಪಿ ಚೀಪಿ ತಿನ್ನುತ್ತೆ. ಎಷ್ಟು ಬೇಕೋ ಅಷ್ಟೇ ಹೊರಗೆ ಬರುತ್ತೆ. ದೊಡ್ಡ ಕೊಳದವರೇ ಇದನ್ನು ನಂಬಿಕೊಂಡಿದ್ದಾರೆ ಅಂದಮೇಲೆ ನಮಗೇನು ಧಾಡಿ?

ಚೀಲ ಯಾವುದು: ಬೂಸಾ ಅಥವಾ ಪಶು ಆಹಾರದ ಪ್ಲಾಸ್ಟಿಕ್ ನೇಯ್ಗೆಯ ಚೀಲ ಒಳ್ಳೇದು. ಗೊಬ್ಬರದ ಚೀಲ ಆದರೆ ಒಳಗಿನ ಪ್ಲಾಸ್ಟಿಕ್ ಪದರ ಕಿತ್ತು, ಮೂರು ಸಲ ತೊಳೆದು ಒಣಗಿಸಿ. ಕೀಟನಾಶಕ, ಕಳೆನಾಶಕ ತಗುಲಿದ ಚೀಲ, ಡಬ್ಬ, ಕ್ಯಾನು ಎಷ್ಟು ತೊಳೆದರೂ ಬೇಡ. ಸ್ವಲ್ಪ ಉಳಿದಿದ್ದರೂ ಮೀನಿಗೆ ವಿಷ.

ತೂತು ಹೇಗೆ: ಚೀಲವನ್ನು ಅರ್ಧಕ್ಕೆ ಕತ್ತರಿಸಿ ಹೊಲಿದು ಸಣ್ಣದು ಮಾಡಿಕೊಳ್ಳಿ. ತಳದಿಂದ ನಾಲ್ಕು ಬೆರಳು ಮೇಲೆ ಒಂದು ಸಾಲು, ಅದರ ಮೇಲೆ ಇನ್ನೊಂದು ಸಾಲು. ಸೀಸದಕಡ್ಡಿ ದಪ್ಪದ ತೂತು, ಗೇಣಿಗೆ ಎರಡು. ಕತ್ತರಿಯಲ್ಲಿ ಮಾಡಿದರೆ ನೂಲು ಬಿಟ್ಟು ಹರಿಯುತ್ತೆ. ಕಾಯಿಸಿದ ಮೊಳೆಯನ್ನು ಇಕ್ಕಳದಲ್ಲಿ ಹಿಡಿದು ಚುಚ್ಚಿ, ಅಂಚು ಕರಗಿ ಗಟ್ಟಿಯಾಗುತ್ತೆ. ಹೊರಗೆ ಗಾಳಿಯಲ್ಲಿ ನಿಂತು ಮಾಡಿ, ಹೊಗೆ ಕುಡೀಬೇಡಿ.

ಚೀಲಕ್ಕೆ ಹಿಂಡಿಪುಡಿ-ತೌಡು ಒಣಗಿದ್ದೇ ಬೆರೆಸಿ ತುಂಬಬಹುದು. ಪೂರ್ತಿ ತುಂಬಬೇಡಿ, ನೆನೆದು ಊದಿಕೊಳ್ಳುತ್ತೆ. ಅರ್ಧ ಚೀಲ ಸಾಕು. ಬಾಯಿ ಬಿಗಿದು ಕಟ್ಟಿ.

ಕಟ್ಟೋದು ಎಲ್ಲಿ? ಇದೇ ನಮ್ಮ ಸಮಸ್ಯೆ

ಆಂಧ್ರದ ಕೊಳ ಮಣ್ಣಿನದು, ಗಳ ನೆಡಬಹುದು. ನಮ್ಮ ಹೊಂಡದಲ್ಲಿ ಪ್ಲಾಸ್ಟಿಕ್ ಹೊದಿಕೆ. ಗಳ ನೆಟ್ಟರೆ ಹೊದಿಕೆ ತೂತು! ಇದಕ್ಕೆ ನಾನು ಮಾಡಿದ್ದು ಬಾವಿ ರಾಟೆ ಉಪಾಯ.

ಹೊಂಡದ ಆ ಕಡೆ ಈ ಕಡೆ ಬೇಲಿಯ ಕಲ್ಲುಕಂಬಕ್ಕೆ ಒಂದೊಂದು ಸಣ್ಣ ರಾಟೆ ಕಟ್ಟಿದೆ. ಎರಡು ರಾಟೆಗೂ ಸುತ್ತು ಬರುವ ಹಾಗೆ ನೈಲಾನ್ ಹಗ್ಗ ಹಾಕಿ ತುದಿ ಕೂಡಿಸಿದೆ. ಬಟ್ಟೆ ಒಣಗಿಸೋ ಹಗ್ಗವನ್ನು ಎಳೆದು ತಿರುಗಿಸೋ ಹಾಗೆ. ಚೀಲ, ತಟ್ಟೆ ಎಲ್ಲಾ ಅದಕ್ಕೇ ನೇತು ಹಾಕಿ ಎಳೆದರೆ ಹೊಂಡದ ಮಧ್ಯಕ್ಕೆ ಹೋಗುತ್ತೆ. ಇನ್ನೊಂದು ಎಳೆ ಎಳೆದರೆ ದಡಕ್ಕೆ ಬರುತ್ತೆ. ಹಗ್ಗ ಭಾರಕ್ಕೆ ಜೋತು ಬೀಳುತ್ತೆ, ಅದಕ್ಕೆ ಮಧ್ಯೆ ಎರಡು ಖಾಲಿ ನೀರಿನ ಬಾಟಲಿ ಮುಚ್ಚಳ ಬಿಗಿದು ಕಟ್ಟಿದ್ದೀನಿ, ತೇಲಿಸಿ ಹಿಡಿಯುತ್ತೆ.

ರಾಟೆಗೆ ಇನ್ನೊಂದು ದೊಡ್ಡ ಲಾಭ ಇದೆ. ನೀವು ಅಂಚಿಗೆ ಇಳಿಯೋ ಹಾಗಿಲ್ಲ. ಹೊದಿಕೆ ಇರೋ ಹೊಂಡದ ಇಳಿಜಾರು ಪಾಚಿ ಕಟ್ಟಿ ಎಣ್ಣೆ ಹಚ್ಚಿದ ಹಾಗಿರುತ್ತೆ. ಈಜು ಬಂದರೂ ಮೇಲೆ ಹತ್ತೋಕೆ ಹಿಡಿತ ಸಿಗಲ್ಲ. ಕೃಷಿ ಹೊಂಡಕ್ಕೆ ಬಿದ್ದು ಮಕ್ಕಳು, ಅವರನ್ನು ಎತ್ತಲು ಹೋದ ದೊಡ್ಡವರು ಸತ್ತ ಸುದ್ದಿ ನೀವೂ ಓದಿರ್ತೀರ. ಸುತ್ತ ಬೇಲಿ ಇರಲೇಬೇಕು. ನಾಲ್ಕೂ ಮೂಲೆಯಲ್ಲಿ ಗಂಟು ಹಾಕಿದ ದಪ್ಪ ಹಗ್ಗವನ್ನು ನೀರಿನವರೆಗೆ ಇಳಿಬಿಟ್ಟಿರಿ. ಖಾಲಿ ಟ್ಯೂಬು ಒಂದು ಗಾಳಿ ತುಂಬಿ ಬೇಲಿಗೆ ನೇತು ಹಾಕಿರಿ. ಮೀನಿಗೆ ಖರ್ಚು ಮಾಡೋ ಮುಂಚೆ ಇದಕ್ಕೆ ಮಾಡಿ.

ಎಷ್ಟು ಆಳದಲ್ಲಿ?

ಒಂದೊಂದು ಮೀನು ಒಂದೊಂದು ಮಟ್ಟದಲ್ಲಿ ಮೇಯುತ್ತೆ. ಕಾಟ್ಲಾ ಮೇಲ್ಗಡೆ, ರೋಹು ನಡುವೆ, ಮೃಗಾಲ್ ಮತ್ತು ಸಾಮಾನ್ಯ ಗೆಂಡೆ ತಳದಲ್ಲಿ. ಎಲ್ಲಾ ಚೀಲ ಒಂದೇ ಆಳದಲ್ಲಿ ಕಟ್ಟಿದರೆ ಒಂದು ಜಾತಿ ಕೊಬ್ಬುತ್ತೆ, ಇನ್ನೊಂದು ಸೊರಗುತ್ತೆ. ನಾನು ಎರಡು ಚೀಲ ನೀರಿನ ಮೇಲ್ಮಟ್ಟದಿಂದ ಒಂದು ಅಡಿ ಕೆಳಗೆ, ಒಂದು ಚೀಲ ಮೂರು ಅಡಿ ಕೆಳಗೆ, ತಟ್ಟೆಗಳನ್ನು ತಳಕ್ಕಿಂತ ಒಂದಡಿ ಮೇಲೆ ಕಟ್ಟುತ್ತೀನಿ. ಹೊಂಡದಲ್ಲಿ ಐದಡಿ ನೀರಾದರೂ ಯಾವಾಗಲೂ ಉಳಿಯೋ ಹಾಗೆ ನೋಡಿಕೊಳ್ಳಿ. ತೋಟಕ್ಕೆ ನೀರು ಬೇಕು ಅಂತ ಪೂರ್ತಿ ಎಳೆದರೆ ಬೇಸಿಗೆಯಲ್ಲಿ ನೀರು ಕಾದು ಮೀನಿಗೆ ಕಷ್ಟ.

ಜಾಗ ಬದಲಾಯಿಸಬೇಡಿ. ನಾಲ್ಕೈದು ದಿನಕ್ಕೆ ಮೀನು ಜಾಗ, ಹೊತ್ತು ಎರಡನ್ನೂ ಕಲಿಯುತ್ತೆ. ನಾನು ಹಗ್ಗ ಎಳೆದ ಸದ್ದಿಗೇ ಈಗ ನೀರು ಅಲ್ಲಾಡುತ್ತೆ.

3. ತೇಲುವ ಉಂಗುರ

ತೇಲುವ ಗುಳಿಗೆ ಆಹಾರ ಹಾಕುವವರಿಗೆ ಗಾಳಿಯೇ ಶತ್ರು. ನಮ್ಮ ಬಯಲುಸೀಮೆ ಗಾಳಿಗೆ ಎಲ್ಲಾ ಗುಳಿಗೆ ಒಂದು ಮೂಲೆಗೆ ಹೋಗಿ ಹೊದಿಕೆಯ ಅಂಚಿಗೆ ಅಂಟಿಕೊಳ್ಳುತ್ತೆ. ಅರ್ಧ ಮೀನಿಗೆ, ಅರ್ಧ ಕೊಕ್ಕರೆಗೆ.

12 ಮೀಟರ್ ಹಳೇ ಲ್ಯಾಟರಲ್ ಪೈಪು ತಗೊಳ್ಳಿ. ತೂತಿಲ್ಲದ ಪೈಪೇ ಆಗಬೇಕು, ಇಲ್ಲ ಅಂದ್ರೆ ನೀರು ತುಂಬುತ್ತೆ. ಎರಡು ಸುತ್ತು ಸುತ್ತಿ, ಸುತ್ತಿನ ಮೇಲೆ ಸುತ್ತು ಇಟ್ಟು ಅಲ್ಲಲ್ಲಿ ದಾರದಿಂದ ಬಿಗಿದು, ತುದಿಗಳನ್ನು ಜಾಯ್ನರ್‌ನಿಂದ ಕೂಡಿಸಿ. ಸುಮಾರು ಎರಡು ಮೀಟರ್ ಅಗಲದ ಉಂಗುರ ಆಗುತ್ತೆ. ಕೆಳಗೆ ಒಂದು ಗೇಣು ಸೊಳ್ಳೆಪರದೆಯ ಪಟ್ಟಿ ಸುತ್ತಲೂ ಇಳಿಬಿಟ್ಟರೆ ಅಲೆಗೆ ಗುಳಿಗೆ ಕೆಳಗಿಂದ ನುಸುಳಲ್ಲ. ಎರಡು ದಾರದಿಂದ ರಾಟೆ ಹಗ್ಗಕ್ಕೆ ಕಟ್ಟಿ, ಅಲ್ಲೇ ನಿಲ್ಲುತ್ತೆ.

ಹುಲ್ಲುಗೆಂಡೆ ಬಿಟ್ಟಿದ್ದರೆ ಇದೇ ಉಂಗುರಕ್ಕೆ ಅಜೋಲಾ, ಎಳೆ ನೇಪಿಯರ್, ಕುದುರೆ ಮೆಂತ್ಯ ಸಣ್ಣಗೆ ಕತ್ತರಿಸಿ ಹಾಕಬಹುದು. ಸಂಜೆ ಉಳಿದ ದಂಟನ್ನು ತೆಗೆದುಬಿಡಿ, ಅದೂ ಕೊಳೆಯುತ್ತೆ.

ಇದಕ್ಕೆ ನನಗೆ ಒಂದು ರೂಪಾಯಿಯೂ ಖರ್ಚಾಗಿಲ್ಲ. ಟೊಮೆಟೊ ಬೆಳೆ ತೆಗೆದ ಮೇಲೆ ಪೈಪು ಬದುವಿನಲ್ಲಿ ಬಿದ್ದಿತ್ತು.

4. ಮೀನೇ ಕೇಳಿ ತಿನ್ನೋ ಕ್ಯಾನು

ಇದು ಸ್ವಲ್ಪ ಕೈಕೆಲಸ ಬರೋರಿಗೆ. 20 ಲೀಟರ್ ಕುಡಿಯೋ ನೀರಿನ ಕ್ಯಾನು ಹಳೇದೊಂದು ತಗೊಂಡು ತಳ ಕತ್ತರಿಸಿ. ಬಾಯಿ ಕೆಳಗೆ ಬರುವ ಹಾಗೆ ತಲೆಕೆಳಗು ನೇತು ಹಾಕಬೇಕು.

ಕ್ಯಾನಿನ ಒಳಗೆ, ಮೇಲ್ಭಾಗದಲ್ಲಿ, ಅಡ್ಡಲಾಗಿ ಒಂದು ಗಟ್ಟಿ ತಂತಿ. ಅದರ ನಡುವಿನಿಂದ ಇನ್ನೊಂದು ಉದ್ದ, ನೇರ ಜಿ.ಐ. ತಂತಿಯನ್ನು ಕೊಕ್ಕೆ ಮಾಡಿ ಸಡಿಲವಾಗಿ ತೂಗುಬಿಡಿ. ಅದು ಕ್ಯಾನಿನ ಬಾಯಿಯ ಮೂಲಕ ಹೊರಬಂದು ನೀರಿನೊಳಗೆ ಅರ್ಧ ಅಡಿ ಇಳಿಯಬೇಕು. ಕ್ಯಾನಿನ ಬಾಯಿಗಿಂತ ಒಂದೂವರೆ ಸೆಂ.ಮೀ. ಕೆಳಗೆ ಆ ತಂತಿಗೆ ಒಂದು ಬಿಲ್ಲೆ ಕೂಡಿಸಿ. ಕ್ಯಾನಿನ ಬಾಯಿ ಸುಮಾರು 5 ಸೆಂ.ಮೀ. ಇರುತ್ತೆ, ಬಿಲ್ಲೆ 12 ಸೆಂ.ಮೀ. ಅಗಲ ಇರಲಿ. ಗುಳಿಗೆ ಬಿಲ್ಲೆ ಮೇಲೆ ಗುಡ್ಡೆ ಕಟ್ಟಿ ನಿಲ್ಲುತ್ತೆ, ತಾನಾಗಿ ಬೀಳಲ್ಲ. ಮೀನು ತಂತಿಗೆ ಮೂತಿ ತಾಗಿಸಿದಾಗ ಬಿಲ್ಲೆ ಅಲ್ಲಾಡಿ ನಾಲ್ಕು ಗುಳಿಗೆ ಉದುರುತ್ತೆ. ಎರಡು ಮೂರು ದಿನ ನೀವೇ ತಂತಿ ಅಲ್ಲಾಡಿಸಿ ತೋರಿಸಿ. ಆಮೇಲೆ ಅವೇ ಕಲಿತುಕೊಳ್ಳುತ್ತವೆ.

ಗುಳಿಗೆ ಜಾಸ್ತಿ ಬೀಳ್ತಿದ್ದರೆ ಬಿಲ್ಲೆಯನ್ನು ಸ್ವಲ್ಪ ಮೇಲಕ್ಕೆ, ಬೀಳದಿದ್ದರೆ ಸ್ವಲ್ಪ ಕೆಳಕ್ಕೆ ಸರಿಸಿ. ಮೇಲೆ ಮಳೆ ಬೀಳದ ಹಾಗೆ ಬೋಗುಣಿ ಮುಚ್ಚಿ. ದಡದಿಂದ ನೀರಿನ ಕಡೆ ಚಾಚಿದ ಗಟ್ಟಿ ಬಿದಿರಿಗೆ ನೇತು ಹಾಕಿ, ಬಿದಿರಿನ ಬುಡ ಬೇಲಿಗಂಬಕ್ಕೆ ಭದ್ರವಾಗಿರಲಿ.

ಇದರ ತೊಂದರೆಗಳನ್ನೂ ಹೇಳಿಬಿಡ್ತೀನಿ. ಹಿಂಡಿ-ತೌಡು ಪುಡಿ ಇದಕ್ಕೆ ಆಗಲ್ಲ, ಬಾಯಲ್ಲೇ ಕಟ್ಟಿಕೊಳ್ಳುತ್ತೆ. ಒಣ ಗುಳಿಗೆ ಮಾತ್ರ. ಜೋರು ಗಾಳಿಗೆ ತಂತಿ ತಾನೇ ಅಲ್ಲಾಡಿ ಗುಳಿಗೆ ಸುರಿದುಬಿಡುತ್ತೆ. ನನ್ನದು ಒಂದು ಸಲ ಹೀಗೇ ರಾತ್ರಿಯಿಡೀ ಖಾಲಿಯಾಗಿತ್ತು. ಅದಕ್ಕೇ ಕ್ಯಾನು ದೊಡ್ಡದಿದೆ ಅಂತ ಒಂದು ವಾರದ್ದು ತುಂಬಬೇಡಿ, ಆ ದಿನದ್ದು ಮಾತ್ರ ಹಾಕಿ. ತಂತಿ, ಕಬ್ಬಿಣದ ಸಾಮಾನು ಸೇರಿ ನನಗೆ 350 ರೂಪಾಯಿ ಆಯ್ತು.

ಲೆಕ್ಕ ಫೋನಿನಲ್ಲಿರಲಿ

ಫೀಡರ್ ಎಷ್ಟೇ ಚೆನ್ನಾಗಿದ್ದರೂ ಎಷ್ಟು ಹಾಕಬೇಕು ಅನ್ನೋ ಲೆಕ್ಕ ನಿಮ್ಮದೇ. ತಿಂಗಳಿಗೊಂದು ಸಲ ಬೀಸುಬಲೆ ಹಾಕಿ 20 ಮೀನಾದರೂ ಹಿಡಿದು ಒಟ್ಟಿಗೆ ತೂಗಿ. ಒದ್ದೆ ಬಲೆ, ಒದ್ದೆ ಕೈ, ಬೇಗ ವಾಪಸ್ ಬಿಡಿ. ಒಟ್ಟು ತೂಕವನ್ನು 20ರಿಂದ ಭಾಗಿಸಿದರೆ ಸರಾಸರಿ ತೂಕ. ಅದನ್ನು ಬದುಕಿರೋ ಮೀನಿನ ಸಂಖ್ಯೆಯಿಂದ ಗುಣಿಸಿದರೆ ಹೊಂಡದಲ್ಲಿರೋ ಒಟ್ಟು ಮೀನು.

ನಾನು ಹಿಡಿಯುವ ಲೆಕ್ಕ: ಮರಿ 100 ಗ್ರಾಂ ಆಗೋವರೆಗೆ ಒಟ್ಟು ತೂಕದ ನೂರಕ್ಕೆ 5 ಭಾಗದಿಂದ ಶುರು ಮಾಡಿ ನಿಧಾನಕ್ಕೆ ಇಳಿಸೋದು, 100ರಿಂದ 250 ಗ್ರಾಂವರೆಗೆ 3ರಿಂದ ಎರಡೂವರೆ ಭಾಗ, ಆಮೇಲೆ 2 ಭಾಗ. ಇದನ್ನು ಎರಡು ಹೊತ್ತಿಗೆ ಹಂಚಿ. ಬೆಳಗ್ಗೆ ಬಿಸಿಲು ಬಂದ ಮೇಲೆ, ಒಂಬತ್ತರ ಹೊತ್ತಿಗೆ. ಸಂಜೆ ನಾಲ್ಕಕ್ಕೆ. ಕತ್ತಲಾದ ಮೇಲೆ ಬೇಡ.

ಇಷ್ಟಾದ ಮೇಲೂ ಕೊನೇ ಮಾತು ತಟ್ಟೆಯದ್ದೇ. ಲೆಕ್ಕ ಎರಡು ಕೆ.ಜಿ. ಅನ್ನುತ್ತೆ, ತಟ್ಟೆಯಲ್ಲಿ ಉಳಿದಿದೆ ಅಂದ್ರೆ ತಟ್ಟೆ ಮಾತು ಕೇಳಿ. ನಾನು ದಿನಾ ತಟ್ಟೆ ಎತ್ತಿದಾಗ ಒಂದು ಫೋಟೋ ತೆಗೆದು ನನ್ನದೇ ನಂಬರಿಗೆ ವಾಟ್ಸಾಪ್ ಮಾಡಿಕೊಳ್ತೀನಿ. ಎಷ್ಟು ಹಾಕಿದೆ, ಮೋಡ ಇತ್ತಾ ಬಿಸಿಲಿತ್ತಾ ಅಂತ ಒಂದು ಸಾಲು. ತಾರೀಖು, ಟೈಮು ತಾನಾಗೇ ಬೀಳುತ್ತೆ. ಪುಸ್ತಕ ಇಡೋಕೆ ಆಗದೋರಿಗೂ ಇದು ಆಗುತ್ತೆ. ಮೀನಿಗೆ ಏನಾದರೂ ಆಗಿ ಅಧಿಕಾರಿಗಳನ್ನು ಕೇಳಬೇಕಾದಾಗ ಆ ಫೋಟೋಗಳನ್ನೇ ತೋರಿಸಬಹುದು.

ಯಾವಾಗ ಫೀಡರ್ ಖಾಲಿ ಇರಬೇಕು

ಮೋಡ ಮುಚ್ಚಿದ ದಿನ ಅರ್ಧ ಹಾಕಿ. ಎರಡನೇ ದಿನವೂ ಬಿಸಿಲಿಲ್ಲ ಅಂದ್ರೆ ನಿಲ್ಲಿಸಿಬಿಡಿ. ಎರಡು ದಿನ ಉಪವಾಸ ಇದ್ದರೆ ಮೀನು ಸಾಯಲ್ಲ, ಎರಡು ದಿನ ಕೊಳೆತರೆ ಸಾಯುತ್ತೆ.

ನೀರು ತೀರಾ ಹಸಿರಾಗಿದ್ದರೂ ನಿಲ್ಲಿಸಿ. ನೋಡೋದು ಸುಲಭ: ಬಕೆಟ್ಟಿನಲ್ಲಿ ಅಲ್ಲ, ದಡದ ಭದ್ರ ಜಾಗದಲ್ಲಿ ಹಗ್ಗ ಹಿಡಿದು ಕೂತು ಕೈಯನ್ನು ನೀರಿಗೆ ಇಳಿಸಿ. ಮೊಣಕೈ ಮುಳುಗೋ ಹೊತ್ತಿಗೆ ಅಂಗೈ ಮಸುಕಾದರೆ ನೀರು ಸರಿಯಾಗಿದೆ. ಮಣಿಕಟ್ಟು ದಾಟುತ್ತಿದ್ದಂತೆ ಅಂಗೈ ಮಾಯ ಆದರೆ ಪಾಚಿ ವಿಪರೀತ. ಆಗ ಸಗಣಿ ಗೊಬ್ಬರ, ಆಹಾರ ಎರಡೂ ನಿಲ್ಲಿಸಿ, ಸ್ವಲ್ಪ ನೀರು ತೋಟಕ್ಕೆ ಬಿಟ್ಟು ಹೊಸ ನೀರು ತುಂಬಿ.

ಬೂಸ್ಟು ಹಿಡಿದ ಕಡಲೆಕಾಯಿ ಹಿಂಡಿಯನ್ನು "ಮೀನಿಗೆ ತಾನೇ" ಅಂತ ಹಾಕಬೇಡಿ. ಬೂಸ್ಟಿನ ವಿಷ ಮೀನಿನ ಈಲಿಯನ್ನು ಹಾಳು ಮಾಡುತ್ತೆ. ತೌಡೂ ಅಷ್ಟೇ, ಎಣ್ಣೆ ಅಂಶ ಇರೋದರಿಂದ ಬಹಳ ದಿನ ಇಟ್ಟರೆ ಕಮಟು ವಾಸನೆ ಬರುತ್ತೆ. ಹದಿನೈದು ದಿನಕ್ಕಾಗುವಷ್ಟು ಮಾತ್ರ ತನ್ನಿ. ನೆಲಕ್ಕೆ ತಾಗದ ಹಾಗೆ ಹಲಗೆ ಮೇಲಿಡಿ.

ಎರಡನೇ ವರ್ಷ

ಮೊದಲ ವರ್ಷ ಮೂರೂವರೆ ತಿಂಗಳಿಗೇ ಸುಮಾರು 250 ಕೆ.ಜಿ. ಹಿಂಡಿ-ತೌಡು ಸುರಿದಿದ್ದೆ. ಎರಡನೇ ವರ್ಷ ಅದೇ ಹೊಂಡ, ಅದೇ 400 ಮರಿ. ಹತ್ತು ತಿಂಗಳಿಗೆ ಹಿಡಿದದ್ದು 380 ಕೆ.ಜಿ. ಆಹಾರ. ಕೊನೆಗೆ 310 ಮೀನು ಸಿಕ್ಕವು, ಒಟ್ಟು 170 ಕೆ.ಜಿ. ದೊಡ್ಡ ಸಂಪಾದನೆ ಅಂತ ಹೇಳಲ್ಲ. ಆದರೆ ಅಮ್ಮನ ಸಂಘದ ಸಾಲ, ಎರಡೂ ವರ್ಷದ್ದು, ಬಡ್ಡಿ ಸಮೇತ ತೀರಿತು. ಮನೆಗೂ ಊರಿಗೂ ಮೀನಾಯ್ತು. ಹೊಂಡದ ನೀರು ಹೇಗೂ ತೋಟಕ್ಕೆ ಹೋಯ್ತು.

ಆ ವರ್ಷವೂ ಅಕ್ಟೋಬರ್‌ನಲ್ಲಿ ಮೋಡ ಮುಚ್ಚಿಕೊಂಡಿತ್ತು, ಮೂರು ದಿನ. ಎರಡನೇ ಬೆಳಗ್ಗೆ ತಟ್ಟೆ ಎತ್ತಿದರೆ ಹಿಂದಿನ ಸಂಜೆಯ ಉಂಡೆ ಹಾಗೇ ಕೂತಿತ್ತು. ಮೀನು ಮುಟ್ಟಿರಲಿಲ್ಲ. ಮೊದಲ ವರ್ಷವೂ ಮುಟ್ಟಿರಲಿಲ್ಲವೇನೋ, ಆದರೆ ಆಗ ನನಗೆ ಕಾಣಿಸುತ್ತಿರಲಿಲ್ಲ. ಚೀಲ, ತಟ್ಟೆ ಎಲ್ಲಾ ಎಳೆದು ದಡಕ್ಕೆ ಹಾಕಿ, ರಾತ್ರಿ ಮೂರಕ್ಕೆ ಅಲಾರಂ ಇಟ್ಟುಕೊಂಡು ಪಂಪು ಹಾಕಿ ನೀರು ಚಿಮ್ಮಿಸಿದೆ. ಅಪ್ಪ ಟಾರ್ಚ್ ಹಿಡಿದು ಜೊತೆಗೆ ಬಂದಿದ್ದರು. ನಾಲ್ಕನೇ ದಿನ ಬಿಸಿಲು ಬಂತು. ಒಂದು ಮೀನೂ ಸಾಯಲಿಲ್ಲ.

ಈಗ ಅಪ್ಪನೇ ದಿನಾ ಹಗ್ಗ ಎಳೆದು ತಟ್ಟೆ ನೋಡ್ತಾರೆ. ಸ್ವಲ್ಪ ಉಳಿದಿದ್ದರೆ ದಡದಿಂದಲೇ ಕೂಗಿ ಹೇಳ್ತಾರೆ, "ಇವತ್ತು ಒಂದು ಹಿಡಿ ಕಮ್ಮಿ ಮಾಡೋ" ಅಂತ.

ಈ ಭಾನುವಾರ ಒಂದು ತಟ್ಟೆ ಮಾಡಿ. ಒಂದು ಗಂಟೆ ಕೆಲಸ. ಸೋಮವಾರ ಬೆಳಗ್ಗೆ ದಿನಾ ಹಾಕುವಷ್ಟನ್ನೇ ಅದರಲ್ಲಿಟ್ಟು ಇಳಿಸಿ, ಎರಡು ಗಂಟೆ ಬಿಟ್ಟು ಎತ್ತಿ ನೋಡಿ. ಎಷ್ಟು ಉಳಿದಿದೆಯೋ ಅಷ್ಟು ನೀವು ಇಷ್ಟು ದಿನ ನೀರಿಗೆ ಹಾಕಿದ ದುಡ್ಡು.